ಪದ ಮರೆತವರಿಗೆ ಬಹುಮಾನ ಯಾಕೆ?

ಓದುಗರ ಪತ್ರ (ಸ್ವಲ್ಪ ಮೊಟಕು ಮಾಡಿದ್ದೇವೆ):

"ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಅಮೆರಿಕದ ಜಾಝ್ ಗಾಯಕಿ ಫಿಟ್ಜೆರಾಲ್ಡ್ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಓದಿದ ಮೇಲೆ ಕುತೂಹಲಕ್ಕೆ ಹುಡುಕಿ ಕೇಳಿದೆ. ಬರ್ಲಿನ್ ಕಛೇರಿಯಲ್ಲಿ ಹಾಡಿನ ಮಧ್ಯೆ ಸಾಹಿತ್ಯವನ್ನೇ ಮರೆತಿದ್ದಾರೆ. ಬಾಯಿಗೆ ಬಂದದ್ದು ಹಾಡಿದ್ದಾರೆ. ಅದಕ್ಕೆ ಎರಡು ಗ್ರ್ಯಾಮಿ ಪ್ರಶಸ್ತಿ! ನಮ್ಮಲ್ಲಿ ಜೂನಿಯರ್ ಪರೀಕ್ಷೆಯಲ್ಲಿ ಮಕ್ಕಳು ಸಾಹಿತ್ಯ ಮರೆತರೆ ನಂಬರ್ ಕಳೀತಾರೆ. ಇನ್ನು ಆ 'ಶೂಬಿ ಡೂಬಿ' ಅನ್ನೋದು ಸಂಗೀತವೇ? ಅದೇ ಕಾಲದ ಗಾಯಕಿ ಬಿಲ್ಲಿ ಹಾಲಿಡೇ ಹಾಡು ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಈ ಫಿಟ್ಜೆರಾಲ್ಡ್ ಅವರದು ಬರೀ ಸಕ್ಕರೆ ಪಾಕ. ಜೀವನದಲ್ಲಿ ಕಷ್ಟ ಕಂಡವರ ದನಿ ಅಲ್ಲವೇ ಅಲ್ಲ. ಕೊನೆಯದಾಗಿ, ಹುಟ್ಟಿದ ವರ್ಷ ಲೇಖನದಲ್ಲಿ 1917, ಫೋಟೋ ಕೆಳಗೆ 1918. ಯಾವುದು ಸರಿ?"

ಸಂಪಾದಕರ ಉತ್ತರ:

ನಮಸ್ಕಾರ. ಸುಲಭದ್ದನ್ನು ಮೊದಲು ಮುಗಿಸಿಬಿಡೋಣ. 1917 ಸರಿ. ಏಪ್ರಿಲ್ 25, ವರ್ಜೀನಿಯಾ ರಾಜ್ಯದ ನ್ಯೂಪೋರ್ಟ್ ನ್ಯೂಸ್ ಅನ್ನೋ ಊರು. ಹಳೆಯ ಪುಸ್ತಕಗಳಲ್ಲಿ 1918 ಅಂತ ಇರುತ್ತಿತ್ತು, ಫೋಟೋ ಕೆಳಗಿನ ಸಾಲು ಅಂಥ ಒಂದರಿಂದ ಬಂತು. ತಪ್ಪು ನಮ್ಮದು.

ನೀವು ಗಮನಿಸದ ಇನ್ನೊಂದು ತಪ್ಪನ್ನೂ ನಾನೇ ಹೇಳಿಬಿಡುತ್ತೇನೆ. ಲೇಖಕರು "ಎಲ್ಲಾ ಫಿಟ್ಜೆರಾಲ್ಡ್" ಅಂತ ಬರೆದು ಕಳಿಸಿದ್ದರು. ನಮ್ಮ ಕರಡು ತಿದ್ದುವವರಿಗೆ "ಎಲ್ಲಾ" ಕಂಡರೆ ಆಗದು. "ಎಲ್ಲ" ಎಂದೇ ಬರೆಯಬೇಕು ಅನ್ನೋದು ಅವರ ಹಟ. ಆರು ಕಡೆ ದೀರ್ಘ ಕಿತ್ತುಹಾಕಿದ್ದರು. ನಾಲ್ಕು ಕಣ್ಣಿಗೆ ಬಿದ್ದವು, ಎರಡು ಹಾಗೇ ಅಚ್ಚಾದವು. ಆದ್ದರಿಂದ ಈ ಸಲ ನಾನು ಎಲಾ ಎಂದೇ ಬರೆಯುತ್ತೇನೆ. "ಎಲಾ ಇವಳ!" ಅನ್ನೋಕೂ ಅನುಕೂಲ.

ಈಗ ಬರ್ಲಿನ್.

1960ರ ಫೆಬ್ರವರಿ 13. ಪಶ್ಚಿಮ ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆ ಎಂಬ ದೊಡ್ಡ ಸಭಾಂಗಣ. ಸುಮಾರು 12 ಸಾವಿರ ಜನ. ವೇದಿಕೆ ಮೇಲೆ ಎಲಾ, ಜೊತೆಗೆ ನಾಲ್ಕೇ ಜನ. ಪಿಯಾನೋಗೆ ಪಾಲ್ ಸ್ಮಿತ್, ಗಿಟಾರ್‌ಗೆ ಜಿಮ್ ಹಾಲ್, ಬೇಸ್‌ಗೆ ವಿಲ್ಫ್ರೆಡ್ ಮಿಡಲ್‌ಬ್ರೂಕ್ಸ್, ಡ್ರಮ್ಸ್‌ಗೆ ಗಸ್ ಜಾನ್ಸನ್. ಎಲಾ "ಮ್ಯಾಕ್ ದ ನೈಫ್" ಶುರು ಮಾಡುತ್ತಾರೆ. ಒಬ್ಬ ಕೊಲೆಗಡುಕನ ಕೃತ್ಯಗಳನ್ನು ಒಂದೊಂದಾಗಿ ಪೋಣಿಸುವ ಹಾಡು ಅದು. ಹುಟ್ಟಿದ್ದು ಅದೇ ಬರ್ಲಿನ್ನಿನಲ್ಲಿ, 1928ರಲ್ಲಿ, ನಾಟಕಕಾರ ಬ್ರೆಕ್ಟ್ ಮತ್ತು ಸಂಗೀತಗಾರ ಕುರ್ಟ್ ವೈಲ್ ಅವರ ಸಂಗೀತ ನಾಟಕಕ್ಕೆ. ಅಂದರೆ ತವರುಮನೆಗೇ ಹೋಗಿ ತವರಿನ ಹಾಡು ಮರೆತ ಹಾಗಾಯಿತು!

ನೀವು ಹಾಡು ಕೇಳಿದ್ದೀರಿ, ಆದರೆ ಹಾಡಿಗೆ ಮುಂಚಿನ ಮಾತು ತಪ್ಪಿಸಿಕೊಂಡಿರಬಹುದು. ಹೆಂಗಸರು ಈ ಹಾಡು ಹಾಡಿದ್ದನ್ನು ನಾವು ಕೇಳಿಲ್ಲ, ಒಂದು ಕೈ ನೋಡೋಣ, ಪದಗಳೆಲ್ಲ ನೆನಪಿದ್ದರೆ ಸಾಕು ಅಂತ ಎಲಾ ಮೊದಲೇ ಹೇಳುತ್ತಾರೆ. ಶುರುವಿನ ಚರಣಗಳು ಸರಿಯಾಗೇ ಬರುತ್ತವೆ. ಆಮೇಲೆ ಕೈಕೊಟ್ಟಿತು. ಈ ಹಾಡಿನಲ್ಲಿ ಇನ್ನೊಂದು ತೊಡಕಿದೆ. ಮುಂದೆ ಹೋದ ಹಾಗೆ ಶ್ರುತಿ ಅರ್ಧರ್ಧ ಮನೆ ಮೇಲೇರುತ್ತದೆ. ತಾಳ ನಿಲ್ಲುವ ಹಾಗಿಲ್ಲ, ವಾದ್ಯದವರು ಕಾಯುವ ಹಾಗಿಲ್ಲ. ಮುಂದಿನ ಸಾಲು ಮಾತ್ರ ಇಲ್ಲ.

ಎಲಾ ಏನು ಮಾಡಿದರು? ಮರೆತದ್ದನ್ನೇ ಹಾಡಿದರು. ಮುಂದಿನ ಚರಣ ಯಾವುದಪ್ಪಾ, ನನಗೆ ಗೊತ್ತಿಲ್ಲವಲ್ಲ ಅನ್ನೋದನ್ನೇ ಅದೇ ಧಾಟಿಗೆ, ಅದೇ ತಾಳಕ್ಕೆ ಕೂರಿಸಿದರು. ಈ ಹಾಡನ್ನು ಮೊದಲೇ ಹಾಡಿ ಗೆದ್ದ ಬಾಬಿ ಡ್ಯಾರಿನ್, ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ಎಳೆದು ತಂದರು. ಈಗ ಎಲಾ ಮತ್ತು ಅವಳ ಹುಡುಗರು ಸೇರಿ ಈ ಹಾಡನ್ನು ಹಾಳು ಮಾಡ್ತಿದ್ದಾರೆ ಅಂತ ಪ್ರಾಸ ಕಟ್ಟಿ ಹಾಡಿದರು. ನಾಲ್ಕೂವರೆ ನಿಮಿಷದಷ್ಟು ಹಾಡು. ಶ್ರುತಿ ಒಂದು ಕಡೆಯೂ ಅಲುಗಲಿಲ್ಲ. ಏರಬೇಕಾದ ಕಡೆ ಏರಿತು.

ನನ್ನ ಅನುಭವ ಒಂದು ಹೇಳಲೇ? ಏಳನೇ ಕ್ಲಾಸಿನಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಭಾವಗೀತೆ ಹಾಡಲು ನಿಂತೆ. ಎರಡನೇ ಚರಣ ಮರೆತುಹೋಯಿತು. ಹಾರ್ಮೋನಿಯಂ ಮೇಷ್ಟ್ರು ಪಾಪ ಅದೇ ಸಾಲನ್ನು ಮೂರು ಸಲ ನುಡಿಸಿದರು. ನಾನು ಮೂರು ಸಲ ಉಗುಳು ನುಂಗಿದೆ. ಆಮೇಲೆ ಸೀದಾ ಪರದೆ ಹಿಂದೆ. ಅಲ್ಲಿಗೆ ನನ್ನ ಗಾಯನ ಮುಗಿಯಿತು, ಬರೆಯೋಕೆ ಶುರು ಮಾಡಿದೆ. ನಾನು ಮರೆತಾಗ ನನ್ನ ಹತ್ತಿರ ಬೇರೇನೂ ಉಳಿದಿರಲಿಲ್ಲ. ಎಲಾ ಹತ್ತಿರ ಪದ ಬಿಟ್ಟು ಉಳಿದದ್ದೆಲ್ಲ ಇತ್ತು. ಗ್ರ್ಯಾಮಿ ಕೊಟ್ಟವರು ಮರೆವಿಗೆ ಕೊಡಲಿಲ್ಲ ಸ್ವಾಮಿ, ಆ ಉಳಿದದ್ದಕ್ಕೆ ಕೊಟ್ಟರು.

ಅದೇ ಕಛೇರಿಯ "ಹೌ ಹೈ ದ ಮೂನ್" ಕೂಡ ಕೇಳಿ. ನೀವು ಶೂಬಿ ಡೂಬಿ ಅಂದದ್ದು ಅದರಲ್ಲಿ ಹೇರಳವಾಗಿದೆ. ಸುಮಾರು ಏಳು ನಿಮಿಷ. ಅದಕ್ಕೆ ಸ್ಕ್ಯಾಟ್ ಅಂತ ಹೆಸರು. ಅರ್ಥ ಇಲ್ಲದ ಅಕ್ಷರಗಳು ನಿಜ. ಆದರೆ ತರಾನಾದಲ್ಲಿ "ದಿರ್ ದಿರ್ ತೋಂ" ಬಂದಾಗ ನಾವು ಅರ್ಥ ಕೇಳುತ್ತೇವಾ? ತಿಲ್ಲಾನಕ್ಕೆ ತಲೆದೂಗುವವರು ನಾವು. ಹೋಲಿಕೆ ಇಷ್ಟಕ್ಕೇ ಸಾಕು, ಯಾಕೆಂದರೆ ಎರಡರ ದಾರಿ ಬೇರೆ. ಸ್ಕ್ಯಾಟ್ ಹಾಡುವವರು ಗಂಟಲನ್ನು ವಾದ್ಯ ಮಾಡಿಕೊಳ್ಳುತ್ತಾರೆ. ಎಲಾ ಕದ್ದದ್ದು ಹೆಚ್ಚಾಗಿ ತುತ್ತೂರಿ, ಸ್ಯಾಕ್ಸೊಫೋನ್ ನುಡಿಸುವವರಿಂದ. ಅದನ್ನು ಅವರೇ ನಗುನಗುತ್ತಾ ಒಪ್ಪಿಕೊಂಡಿದ್ದಾರೆ. 1946ರಲ್ಲಿ ಟ್ರಂಪೆಟ್ ವಾದಕ ಡಿಜಿ ಗಿಲೆಸ್ಪಿ ತಂಡದ ಜೊತೆ ಊರೂರು ತಿರುಗಿದರು. ಆಗ ಬಿಬಾಪ್ ಅನ್ನೋ ಹೊಸ ಜಾಝ್ ಹುಟ್ಟಿ ಓಡಾಡುತ್ತಿತ್ತು. ಭಾರೀ ವೇಗ, ಎಲ್ಲೆಲ್ಲೋ ತಿರುವು. ಆ ಹುಡುಗರು ಬೆರಳಲ್ಲಿ ನುಡಿಸಿದ್ದನ್ನು ಎಲಾ ನಾಲಿಗೆಯಲ್ಲಿ ನುಡಿಸಿದರು. ಗಿಲೆಸ್ಪಿ ತಂಡದ ಬೇಸ್ ವಾದಕ ರೇ ಬ್ರೌನ್ ಅವರನ್ನು 1947ರಲ್ಲಿ ಮದುವೆಯೂ ಆದರು. ಮದುವೆ ಬಹಳ ವರ್ಷ ಉಳಿಯಲಿಲ್ಲ. ಒಟ್ಟಿಗೆ ನುಡಿಸೋದು ಹಾಡೋದು ಮಾತ್ರ ಆಮೇಲೂ ಇತ್ತು.

ಆ ಏಳು ನಿಮಿಷದಲ್ಲಿ ಒಂದು ಜಾಗ ಕಿವಿಗೊಟ್ಟು ಕೇಳಿ. ಎಲಾ ಬೇರೆ ಬೇರೆ ಹಾಡುಗಳ ತುಣುಕು ಎತ್ತಿ ಎತ್ತಿ ಪೋಣಿಸುತ್ತಾ ಹೋಗುತ್ತಾರೆ. ಅದರಲ್ಲೊಂದು "ಸ್ಮೋಕ್ ಗೆಟ್ಸ್ ಇನ್ ಯುವರ್ ಐಸ್", ಕಣ್ಣಿಗೆ ಹೊಗೆ ಹೋಗುವ ಪ್ರೇಮಗೀತೆ. ಎಲ್ಲರಿಗೂ ಗೊತ್ತಿರುವ ಹಾಡು. ಎಲಾ ಅದನ್ನು "ಕಣ್ಣಿಗೆ ಬೆವರು" ಅಂತ ಬದಲಾಯಿಸಿಬಿಡುತ್ತಾರೆ. ನಿಜವಾಗಲೂ ಬೆವರು ಸುರೀತಾ ಇತ್ತು. ಕಛೇರಿಗಳಲ್ಲಿ ಕೈಯಲ್ಲಿ ಕರ್ಚೀಫು ಹಿಡಿದೇ ನಿಲ್ಲುತ್ತಿದ್ದರು.

ಇಷ್ಟಕ್ಕೇ ನಿಮ್ಮ ಪತ್ರಕ್ಕೆ ಉತ್ತರ ಮುಗಿದಿದ್ದರೆ ಒಂದು ಪುಟ ಸಾಕಿತ್ತು. ನನ್ನನ್ನು ಕೂರಿಸಿ ಬರೆಸಿದ್ದು ನಿಮ್ಮ ಇನ್ನೊಂದು ಮಾತು. ಕಷ್ಟ ಕಂಡವರ ದನಿ ಅಲ್ಲ ಅಂದಿರಲ್ಲ, ಅದು.

ಎಲಾ ಮಗುವಾಗಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ಅಮ್ಮ ಟೆಂಪಿ ಮಗಳನ್ನು ಕರೆದುಕೊಂಡು ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ಗೆ ಬಂದರು. ಬಟ್ಟೆ ಒಗೆಯುವ ಕಡೆ ಕೆಲಸ. ಹುಡುಗಿಗೆ ಹುಚ್ಚು ಇದ್ದದ್ದು ಹಾಡಿನದ್ದಲ್ಲ, ಕುಣಿತದ್ದು. 1932ರಲ್ಲಿ ಅಮ್ಮ ತೀರಿಕೊಂಡರು. ಹುಡುಗಿಗೆ ಆಗ 15. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿದ್ದ ಚಿಕ್ಕಮ್ಮನ ಮನೆ ಸೇರಿದಳು. ಸ್ಕೂಲು ತಪ್ಪಿತು. ಮಟ್ಕಾದಂಥ ನಂಬರ್ ಜೂಜಿನವರಿಗೆ ಚೀಟಿ ಓಡಿಸೋದು, ವೇಶ್ಯಾಗೃಹದ ಬಾಗಿಲಲ್ಲಿ ಪೊಲೀಸರು ಬರ್ತಾರಾ ಅಂತ ಕಾಯೋದು, ಇಂಥ ಕೆಲಸ. ಸಿಕ್ಕಿಬಿದ್ದಳು. ಮೊದಲು ಅನಾಥಾಲಯ, ಆಮೇಲೆ ಹಡ್ಸನ್ ಎಂಬ ಊರಿನ ಹುಡುಗಿಯರ ಸುಧಾರಣಾ ಶಾಲೆ.

ಆ ಶಾಲೆಯ ಕತೆ ಹೊರಗೆ ಬಂದದ್ದು ಯಾವಾಗ ಗೊತ್ತಾ? 1996ರ ಜೂನ್‌ನಲ್ಲಿ, ಎಲಾ ತೀರಿಕೊಂಡ ಕೆಲವೇ ದಿನಗಳಲ್ಲಿ. ನ್ಯೂಯಾರ್ಕ್ ಟೈಮ್ಸ್ ಹಳೆಯ ಕಡತ ತೆಗೆಸಿ ಬರೆಯಿತು. ಕಪ್ಪು ಹುಡುಗಿಯರನ್ನು ಬೇರೆ ಕಟ್ಟಡಗಳಲ್ಲಿ ತುರುಕುತ್ತಿದ್ದರು. ಹೊಡೆತ ಮಾಮೂಲು. ಶಾಲೆಗೊಂದು ಒಳ್ಳೆಯ ಗಾಯನ ತಂಡ ಇತ್ತು. ಅದು ಬಿಳಿ ಹುಡುಗಿಯರಿಗೆ ಮಾತ್ರ. ಆಮೇಲೆ ಜಗತ್ತೇ ಕೂತು ಕೇಳಿದ ಕಂಠ ಅದು, ಆ ಶಾಲೆಯ ಗಾಯನ ತಂಡದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅಷ್ಟು ವರ್ಷದ ಸಂದರ್ಶನಗಳಲ್ಲಿ ಎಲಾ ಇದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಅಲ್ಲಿಂದ ಹೊರಬಿದ್ದ ಹುಡುಗಿ ಹಾರ್ಲೆಮ್ ಬೀದಿಯಲ್ಲಿ ಹಾಡಿ ಕುಣಿದು ಹೊಟ್ಟೆ ಹೊರೆಯುತ್ತಿದ್ದಳು. 1934ರ ನವೆಂಬರ್ 21ರ ರಾತ್ರಿ ಅಪೊಲೊ ಥಿಯೇಟರ್‌ನ ಹವ್ಯಾಸಿಗಳ ಸ್ಪರ್ಧೆಗೆ ಹೆಸರು ಕೊಟ್ಟಳು, ಕುಣಿಯೋಕೆ. ಅವಳಿಗಿಂತ ಮೊದಲು ಎಡ್ವರ್ಡ್ಸ್ ಸಿಸ್ಟರ್ಸ್ ಎಂಬ ಜೋಡಿ ಬೆಂಕಿ ಬಿದ್ದ ಹಾಗೆ ಕುಣಿದು ಹೋಯಿತು. ಇವರ ಮುಂದೆ ನನ್ನ ಕುಣಿತ ಎಲ್ಲಿ ಅನ್ನಿಸಿತು. ಕಾಲು ನಡುಗುತ್ತಿದೆ. ಮಾಸಿದ ಬಟ್ಟೆ, ಗಂಡಸರ ಬೂಟು. ಅಪೊಲೊದ ಜನವೋ, ಇಷ್ಟ ಆಗದಿದ್ದರೆ ಕೂಗಿ ಓಡಿಸುವವರು. ವೇದಿಕೆ ಮೇಲೆ ನಿಂತಾಗಿದೆ, ಏನಾದರೂ ಮಾಡಲೇಬೇಕು. ಹಾಡಿದಳು. ಅಮ್ಮನಿಗೆ ಇಷ್ಟವಾಗಿದ್ದ ಗಾಯಕಿ ಕಾನಿ ಬಾಸ್ವೆಲ್ ಶೈಲಿಯಲ್ಲಿ ಎರಡು ಹಾಡು. ಮೊದಲ ಬಹುಮಾನ, 25 ಡಾಲರ್. ಗೆದ್ದವರಿಗೆ ಒಂದು ವಾರ ಅಲ್ಲೇ ಹಾಡುವ ಅವಕಾಶವೂ ಸಿಗಬೇಕಿತ್ತು. ಅದು ಅವಳಿಗೆ ಸಿಗಲಿಲ್ಲ. ವೇಷ ನೋಡಿ ಬೇಡ ಅಂದರು ಅನ್ನೋದು ಎಲ್ಲರೂ ಹೇಳುವ ಕಾರಣ.

ಬರ್ಲಿನ್ನಿಗೆ ಇಪ್ಪತ್ತೈದು ವರ್ಷ ಮೊದಲೇ ಆ ಹುಡುಗಿ ಇದನ್ನು ಒಂದು ಸಲ ಮಾಡಿದ್ದಳು. ಅಂದುಕೊಂಡು ಬಂದದ್ದು ಕೈಬಿಟ್ಟಿತು, ವೇದಿಕೆ ಬಿಟ್ಟು ಇಳಿಯಲಿಲ್ಲ, ಇನ್ನೊಂದು ಎತ್ತಿಕೊಂಡಳು. ನಿಮಗೆ ಬರ್ಲಿನ್ ಅದೃಷ್ಟ ಅನ್ನಿಸಿದರೆ, ನನಗೆ ಅಪೊಲೊ ನೆನಪಾಗುತ್ತದೆ.

ಮರುವರ್ಷ ಚಿಕ್ ವೆಬ್ ತಂಡ. ಈ ಮನುಷ್ಯನ ಬಗ್ಗೆ ಒಂದು ಲೇಖನವೇ ಬರೆಸಬೇಕು. ಚಿಕ್ಕಂದಿನಲ್ಲಿ ಬೆನ್ನುಮೂಳೆಗೆ ಕ್ಷಯ ತಗುಲಿ ಗೂನು ಬೆನ್ನು, ಗಿಡ್ಡ ದೇಹ. ಡ್ರಮ್ಸ್ ಮುಂದೆ ಕೂತರೆ ಮಾತ್ರ ಸವಾಯ್ ಬಾಲ್‌ರೂಮ್‌ನ ನೆಲ ನಡುಗುತ್ತಿತ್ತು. ಬಿಳಿಯರು ಕಪ್ಪು ಜನ ಒಟ್ಟಿಗೆ ಕುಣಿಯಬಹುದಾಗಿದ್ದ ಅಪರೂಪದ ಜಾಗ ಅದು. ವೆಬ್ ಕೂಡ ಹುಡುಗಿಯ ಅವತಾರ ನೋಡಿ ಮೊದಲು ಒಪ್ಪಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಒಂದು ನೃತ್ಯ ಕೂಟದಲ್ಲಿ ಹಾಡಿಸಿ ನೋಡಿದರು. ಹುಡುಗರು ಕುಣಿದರು, ಕೆಲಸ ಸಿಕ್ಕಿತು. ವೆಬ್ ಅವಳನ್ನು ದತ್ತು ತೆಗೆದುಕೊಂಡರು ಅನ್ನೋದು ಚಂದದ ಕತೆ, ನಿಜವಲ್ಲ.

1938ರಲ್ಲಿ ದೇಶವಿಡೀ ಗುನುಗಿದ್ದು ಎಲಾ ಹಾಡಿದ ಒಂದು ಮಕ್ಕಳ ಪದ್ಯ. ಪುಟ್ಟ ಹುಡುಗಿಯೊಬ್ಬಳು ತನ್ನ ಹಳದಿ ಬುಟ್ಟಿ ಕಳಕೊಂಡು ಹುಡುಕುತ್ತಾಳೆ, ಅಷ್ಟೇ. ಮಕ್ಕಳು ಸುತ್ತ ಕೂತು, ಒಬ್ಬರು ಬೆನ್ನ ಹಿಂದೆ ಕರ್ಚೀಫು ಬೀಳಿಸಿ ಓಡುವ ಆಟದ ಪದ್ಯ. ನಮ್ಮ "ಟೋಪಿ ಬೇಕಾ ಟೋಪಿ" ಆಟದ ದೂರದ ಅಕ್ಕ ಅನ್ನಿ. ತಂಡಕ್ಕೆ ಸಂಗೀತ ಹೊಂದಿಸುತ್ತಿದ್ದ ಆಲ್ ಫೆಲ್ಡ್‌ಮನ್ ಜೊತೆ ಸೇರಿ ಎಲಾ ಅದನ್ನು ಕುಣಿತದ ಹಾಡು ಮಾಡಿದರು. ನೀವು ಇದನ್ನೇ ಸಕ್ಕರೆ ಪಾಕ ಅನ್ನಬಹುದು. ನನಗೆ ಮಾತ್ರ, ಅಮ್ಮನನ್ನು ಕಳಕೊಂಡು ಆರು ವರ್ಷ ಆಗಿದ್ದ ಹುಡುಗಿ ಬುಟ್ಟಿ ಕಳೆದುಹೋಯಿತು ಅಂತ ಅಷ್ಟು ಗೆಲುವಾಗಿ ಹಾಡೋದು ಕೇಳಿದಾಗ ಒಂಥರಾ ಆಗುತ್ತದೆ. ಇದು ನನ್ನ ಅತಿ ಓದು ಇರಬಹುದು, ಇರಲಿ.

1939ರ ಜೂನ್‌ನಲ್ಲಿ ವೆಬ್ ತೀರಿಕೊಂಡರು. 22 ವರ್ಷದ ಹುಡುಗಿಯ ಹೆಸರಲ್ಲಿ ತಂಡ ನಡೆಯಿತು. ಮೂರು ವರ್ಷ ಆದ ಮೇಲೆ ಅದೂ ಮುಗಿಯಿತು, ಒಬ್ಬರೇ ಹಾಡಲು ಹೊರಟರು.

ಅವಮಾನಗಳು ಹೆಸರು ಬಂದ ಮೇಲೂ ಬಿಡಲಿಲ್ಲ. 1954ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಎಲಾ ಅವರನ್ನು, ಫಸ್ಟ್ ಕ್ಲಾಸ್ ಟಿಕೆಟ್ ಇದ್ದರೂ, ಪ್ಯಾನ್ ಆಮ್ ವಿಮಾನ ಹೊನೊಲುಲುವಿನಲ್ಲಿ ಬಿಟ್ಟು ಹೋಯಿತು. ಕೇಸು ಹಾಕಿ ಪರಿಹಾರ ಪಡೆದರು. ಮರುವರ್ಷ ಅಕ್ಟೋಬರ್‌ನಲ್ಲಿ ಟೆಕ್ಸಸ್‌ನ ಹ್ಯೂಸ್ಟನ್. ಕಾರ್ಯಕ್ರಮ ನಡೆಸುತ್ತಿದ್ದ ನಾರ್ಮನ್ ಗ್ರಾಂಜ್ ಬಿಳಿಯರಿಗೊಂದು, ಕರಿಯರಿಗೊಂದು ಕಡೆ ಅಂತ ಸೀಟು ಹಂಚಲು ಒಪ್ಪುತ್ತಿರಲಿಲ್ಲ. ಬೋರ್ಡುಗಳನ್ನು ಕಿತ್ತು ಹಾಕಿಸಿದ್ದರು. ಎರಡು ಪ್ರದರ್ಶನಗಳ ಮಧ್ಯೆ ಸಾದಾ ಬಟ್ಟೆಯ ಪೊಲೀಸರು ಎಲಾ ಇದ್ದ ಕೋಣೆಗೆ ನುಗ್ಗಿದರು. ಒಂದು ಮೂಲೆಯಲ್ಲಿ ಗಿಲೆಸ್ಪಿ ಮತ್ತು ಸ್ಯಾಕ್ಸೊಫೋನ್ ವಾದಕ ಇಲಿನಾಯ್ ಜಾಕೆ ಪಗಡೆಯ ದಾಳ ಹಾಕುತ್ತಿದ್ದರು. ಎಲಾ ಕಾಫಿ ಕುಡಿಯುತ್ತಾ ಪೈ ತಿನ್ನುತ್ತಿದ್ದರು. ಜೂಜಿನ ಆರೋಪ ಹೊರಿಸಿ ಎಲ್ಲರನ್ನೂ ಠಾಣೆಗೆ ಎಳೆದರು. ತಲಾ ಹತ್ತು ಡಾಲರ್ ಜಾಮೀನು. ಅದೇ ಠಾಣೆಯಲ್ಲಿ ಒಬ್ಬ ಪೊಲೀಸ್ ಎಲಾ ಹತ್ತಿರ ಆಟೊಗ್ರಾಫ್ ಕೇಳಿದ! ವಾಪಸ್ ಬಂದು ಎರಡನೇ ಪ್ರದರ್ಶನಕ್ಕೆ ಹಾಡಿದರು. ಸಭೆಗೆ ಏನೂ ಗೊತ್ತಾಗಲಿಲ್ಲ. ಆ ರಾತ್ರಿಯ ದನಿಯಲ್ಲಿ ಕಷ್ಟ ಕೇಳಿಸಿತ್ತಾ? ಇಲ್ಲ ಅಂತಲೇ ನನ್ನ ಊಹೆ.

ಇದೇ ಲೇಖನಕ್ಕೆ ಬಂದ ಬೇರೆ ಪತ್ರಗಳಿಗೂ ಇಲ್ಲೇ ಒಂದು ಮಾತು. ಮರ್ಲಿನ್ ಮನ್ರೋ ಕತೆ ಯಾಕೆ ಹಾಕಲಿಲ್ಲ ಅಂತ ಕೇಳಿದ್ದೀರಿ. ಕಪ್ಪು ಗಾಯಕರಿಗೆ ಬಾಗಿಲು ಮುಚ್ಚಿದ್ದ ಹಾಲಿವುಡ್‌ನ ಮೊಕ್ಯಾಂಬೊ ಕ್ಲಬ್ಬನ್ನು ಮನ್ರೋ ಒಂದು ಫೋನಿನಿಂದ ತೆರೆಸಿದರು ಅನ್ನೋದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೂಪ. ಮನ್ರೋ ತಮ್ಮ ಪರ ಕ್ಲಬ್ಬಿನ ಮಾಲೀಕರ ಹತ್ತಿರ ಮಾತಾಡಿದ್ದನ್ನು ಎಲಾ ಅವರೇ ಕೃತಜ್ಞತೆಯಿಂದ ಹೇಳಿದ್ದಾರೆ. 1955ರಲ್ಲಿ ಅಲ್ಲಿ ಹಾಡಿದ್ದೂ ಹೌದು. ಆದರೆ ಕಪ್ಪು ಗಾಯಕಿಯರೇ ಆದ ಡೊರೊತಿ ಡ್ಯಾಂಡ್ರಿಜ್, ಅರ್ಥಾ ಕಿಟ್ ಅಷ್ಟರಲ್ಲಾಗಲೇ ಅಲ್ಲಿ ಹಾಡಿ ಹೋಗಿದ್ದರು. ಅವರಿಬ್ಬರೂ ತೆಳ್ಳಗೆ ಬೆಳ್ಳಿ ತೆರೆಗೆ ಹೊಂದುವ ಸುಂದರಿಯರು. ಎಲಾ ದಪ್ಪ, ಸಂಕೋಚದ ಹೆಂಗಸು. ಅಡ್ಡಿ ಬರೀ ಬಣ್ಣದ್ದಾಗಿರಲಿಲ್ಲ. ಅಪೊಲೊ, ಚಿಕ್ ವೆಬ್, ಮೊಕ್ಯಾಂಬೊ, ಮೂರು ಕಡೆಯೂ ಅದೇ ಕತೆ ಅಲ್ವಾ?

ಗ್ರಾಂಜ್ 1956ರಲ್ಲಿ ವರ್ವ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದ್ದೇ ಎಲಾ ಅವರನ್ನು ನೆಚ್ಚಿಕೊಂಡು. ಅಮೆರಿಕದ ದೊಡ್ಡ ಹಾಡು ಕಟ್ಟುಗರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಂಗ್‌ಬುಕ್, ಅಂದರೆ ಅವರ ಹಾಡುಗಳದ್ದೇ ಆಲ್ಬಮ್, 1964ರೊಳಗೆ ಎಂಟು. ಕೋಲ್ ಪೋರ್ಟರ್‌ದು 32 ಹಾಡು, ಗರ್ಶ್ವಿನ್ ಸಹೋದರರದ್ದು ಐದು ಎಲ್‌ಪಿಗಳಲ್ಲಿ 53. ಪದ ಮರೆಯುವವರು ಅಂದಿರಲ್ಲ, ಇಲ್ಲಿ ಪದದ ಒಂದೊಂದು ಅಕ್ಷರವೂ ತೊಳೆದಿಟ್ಟ ಹಾಗಿದೆ. ನಿಜ ಹೇಳಬೇಕೆಂದರೆ ಕೆಲವು ಕಡೆ ತೊಳೆದದ್ದು ಜಾಸ್ತಿಯಾಯಿತು. ಪಿಟೀಲುಗಳ ದೊಡ್ಡ ಮೇಳದ ನಡುವೆ ಎಲಾ ತುಂಬಾ ಮರ್ಯಾದೆಯಿಂದ ಹಾಡುತ್ತಾರೆ, ನನಗೆ ಆಕಳಿಕೆ ಬರುತ್ತದೆ. ಅಲ್ಲಿ ನಾನು ನಿಮ್ಮ ಪಕ್ಷ.

ಬಿಲ್ಲಿ ಹಾಲಿಡೇ ವಿಚಾರದಲ್ಲೂ ಅರ್ಧ ನಿಮ್ಮ ಪಕ್ಷ. ಎಲಾಗಿಂತ ಎರಡೇ ವರ್ಷ ದೊಡ್ಡವರು. ಅವರದೂ ಅಂಥದ್ದೇ ಬಾಲ್ಯ, ಅಂಥದ್ದೇ ಸುಧಾರಣಾ ಮನೆ. 1959ರಲ್ಲಿ 44ನೇ ವಯಸ್ಸಿಗೆ ಹೋಗಿಬಿಟ್ಟರು. ಬದುಕಿದ್ದನ್ನೆಲ್ಲ ದನಿಯಲ್ಲಿ ಇಟ್ಟರು. ಎಲಾ ಇಡಲಿಲ್ಲ. ನೀವು ಇದನ್ನು ಕೊರತೆ ಅನ್ನುತ್ತೀರಿ. ಇಬ್ಬರೂ ಒಂದೇ ಬೀದಿಯಿಂದ ಬಂದವರು, ಒಬ್ಬರು ಬಾಗಿಲು ತೆರೆದಿಟ್ಟರು, ಇನ್ನೊಬ್ಬರು ಚಿಲಕ ಹಾಕಿಕೊಂಡರು. ಚಿಲಕ ಹಾಕಿದ ಮನೆಯಲ್ಲಿ ಯಾರೂ ಇಲ್ಲ ಅಂತ ನಾನು ಅಂದುಕೊಳ್ಳಲಾರೆ.

ಒಂದು ಸಲ ಮಾತ್ರ ಆ ಚಿಲಕ ಸ್ವಲ್ಪ ಸಡಿಲವಾಗಿತ್ತು. ಬರ್ಲಿನ್ ಆಗಿ ಎರಡು ತಿಂಗಳು, 1960ರ ಏಪ್ರಿಲ್. ಒಂದು ಸಿನಿಮಾಕ್ಕೆ ಸಂಬಂಧಿಸಿದ ರೆಕಾರ್ಡಿಂಗ್. ಎಲಾ, ಪಾಲ್ ಸ್ಮಿತ್‌ರ ಪಿಯಾನೋ, ಅಷ್ಟೇ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಪಿಟೀಲಂತೂ ಇಲ್ಲವೇ ಇಲ್ಲ. ಆಮೇಲೆ "ದಿ ಇಂಟಿಮೇಟ್ ಎಲಾ" ಹೆಸರಲ್ಲಿ ಮತ್ತೆ ಬಂತು. 12 ಸಾವಿರ ಜನರನ್ನು ನಗಿಸಿದ ದನಿ ಇಲ್ಲಿ ಪಕ್ಕದ ಕೋಣೆಯವರಿಗೆ ಕೇಳಿಸಬಾರದು ಅನ್ನೋ ಹಾಗೆ ಹಾಡುತ್ತದೆ. ಸಾಲು ಮುಗಿದ ಮೇಲೆ ಉಸಿರು ಕೂಡ ಕೇಳುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಹಾಕಿ. ಆಗಲೂ ಸಕ್ಕರೆ ಅನ್ನಿಸಿದರೆ ಬರೆಯಿರಿ, ಆ ಪತ್ರ ಮೊಟಕು ಮಾಡದೆ ಅಚ್ಚು ಹಾಕುತ್ತೇನೆ.

ಕೊನೆಯ ವರ್ಷಗಳನ್ನು ಕಳೆದ ಲೇಖನದಲ್ಲೇ ಬರೆದಿದ್ದೆವು. ಸಕ್ಕರೆ ಕಾಯಿಲೆ, ಹೃದಯದ ಶಸ್ತ್ರಚಿಕಿತ್ಸೆ, ಮಂದವಾಗುತ್ತಾ ಹೋದ ಕಣ್ಣು. 1993ರಲ್ಲಿ ಎರಡೂ ಕಾಲು ಮೊಣಕಾಲ ಕೆಳಗೆ ತೆಗೆದರು. ಕುಣಿಯಬೇಕು ಅಂತ ಅಪೊಲೊ ವೇದಿಕೆ ಹತ್ತಿದ ಹುಡುಗಿಯ ಕಾಲು. 1996ರ ಜೂನ್ 15ರಂದು, 79ನೇ ವಯಸ್ಸಿನಲ್ಲಿ, ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ಹೋದರು.

ಬರ್ಲಿನ್ ಹಾಡನ್ನು ಇನ್ನೊಂದು ಸಲ ಕೇಳುತ್ತೀರಿ ಅಂತ ಅಂದುಕೊಂಡಿದ್ದೇನೆ. ಪದ ಮರೆತ ಮೇಲೆ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಜಲ್ಲಿಕಲ್ಲು ಹಾಕಿ ಅರೆದಂಥ ಒಂದು ಗಂಡು ದನಿ ಬರುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್ ಅಲ್ಲಿಗೆ ಯಾವಾಗ ಬಂದರು, ಯಾಕೆ ಬರೆದಿಲ್ಲ ಅಂತ ಮತ್ತೊಂದು ಪತ್ರ ಹಾಕಬೇಡಿ. ಅದೂ ಎಲಾನೇ.